ಬಾರದ ನಟರಿಗೂ ಪಾತ್ರ ಬರೆಯುವ ಅಭಿಮಾನಿಗಳು

ವರ್ಷಗಟ್ಟಲೆ ಓಡಿದ ಧಾರಾವಾಹಿ ತನ್ನ ವಾರ್ಷಿಕೋತ್ಸವಕ್ಕೆ ವಿಶೇಷ ಸಂಚಿಕೆ ಮಾಡಿದರೆ ಅದರಲ್ಲಿ ಹಳಬರೆಲ್ಲ ಬಂದು ಹೋಗಬೇಕು ಎಂಬುದು ನೋಡುಗರ ಹಟ. ಕನ್ನಡ ವಾಹಿನಿಗಳು ಎರಡು ಧಾರಾವಾಹಿಗಳ ಮನೆಮಂದಿಯನ್ನು ಒಂದೇ ಮದುವೆಗೋ ಹಬ್ಬಕ್ಕೋ ಕರೆತಂದು, ‘ಮಹಾಸಂಗಮ’ ಎಂದು ಹೆಸರಿಟ್ಟು ಈ ಹಟವನ್ನು ಅಷ್ಟಿಷ್ಟು ತೀರಿಸುತ್ತವೆ. ಬ್ರಿಟನ್ನಿನ ಬಿಬಿಸಿಯ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ಇಂಥ ಸಂಗಮವನ್ನು 1972ರ ಕೊನೆಯಿಂದ ಮಾಡುತ್ತ ಬಂದಿದೆ. ಆದರೆ ಅದರ ತೊಡಕು ಕನ್ನಡ ವಾಹಿನಿಗಳದ್ದಕ್ಕಿಂತ ದೊಡ್ಡದು. ಅಲ್ಲಿ ಒಟ್ಟಿಗೆ ಸೇರಬೇಕಾದವರೆಲ್ಲ ಒಂದೇ ಪಾತ್ರವನ್ನು ಬೇರೆ ಬೇರೆ ಕಾಲದಲ್ಲಿ ಆಡಿದ ನಟರು. ಅವರಲ್ಲಿ ಕೆಲವರು ತೀರಿಕೊಂಡಿರುತ್ತಾರೆ, ಕೆಲವರು ಬರಲೊಲ್ಲೆ ಎನ್ನುತ್ತಾರೆ, ಉಳಿದವರಿಗೆ ವಯಸ್ಸಾಗಿರುತ್ತದೆ. ಹಾಗಾಗಿ ಪ್ರತಿ ವಿಶೇಷ ಸಂಚಿಕೆಯಲ್ಲೂ ಯಾರದೋ ಜಾಗ ಖಾಲಿ ಉಳಿದಿದೆ, ಮತ್ತು ಪ್ರತಿ ಬಾರಿಯೂ ಅಭಿಮಾನಿಗಳು ಆ ಸಂಚಿಕೆಯನ್ನು ಬಿಚ್ಚಿ ತಮ್ಮ ಮನಸ್ಸಿಗೆ ಬಂದಂತೆ ಮತ್ತೆ ಹೊಲಿದಿದ್ದಾರೆ.

ಧಾರಾವಾಹಿ ಮೊದಲು ಪ್ರಸಾರವಾದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿ ಒಂದು ದಿನವಷ್ಟೇ ಕಳೆದಿತ್ತು. ಆ ಸುದ್ದಿಯ ಗದ್ದಲದಲ್ಲಿ ಸಂಚಿಕೆ ಅನೇಕರ ಕಣ್ಣಿಗೆ ಬೀಳಲೇ ಇಲ್ಲವೆಂದು ಮುಂದಿನ ವಾರ ಎರಡನೆಯ ಸಂಚಿಕೆಗೆ ಮುನ್ನ ಅದನ್ನೇ ಇನ್ನೊಮ್ಮೆ ತೋರಿಸಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ನಿರ್ದೇಶಕ ವಾರಿಸ್ ಹುಸೇನ್, 1938ರಲ್ಲಿ ಲಖನೌದಲ್ಲಿ ಹುಟ್ಟಿದವರು; ಇಂಗ್ಲಿಷರ ಮನೆಮಾತಾದ ಈ ಧಾರಾವಾಹಿಗೆ ಮೊದಲು ‘ಆ್ಯಕ್ಷನ್’ ಹೇಳಿದ್ದು ಭಾರತದಲ್ಲಿ ಹುಟ್ಟಿದ, ಮೂವತ್ತು ತುಂಬದ ಒಬ್ಬ ಹುಡುಗ. ಕಥೆಯ ಮೂಲ ಸರಳ. ‘ಡಾಕ್ಟರ್’ ಎಂದಷ್ಟೇ ಕರೆಸಿಕೊಳ್ಳುವ ಅನ್ಯಲೋಕದವನೊಬ್ಬ, ಹೊರಗಿನಿಂದ ನೀಲಿ ಪೊಲೀಸ್ ಪೆಟ್ಟಿಗೆಯಂತೆ ಕಾಣುವ, ಒಳಗೆ ಹೋದರೆ ಅರಮನೆಯಷ್ಟು ದೊಡ್ಡದಾದ ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲ, ದೇಶಗಳ ಮಿತಿಯಿಲ್ಲದೆ ತಿರುಗುತ್ತಾನೆ.

ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್. 1966ರ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತ್ತು, ಧಾರಾವಾಹಿಗೆ ಮಾತ್ರ ಜನ ಇದ್ದರು. ನಮ್ಮಲ್ಲಾದರೆ ಒಂದು ದಿನ ಸದ್ದಿಲ್ಲದೆ ಬೇರೆ ನಟ ಬಂದು ಅದೇ ಹೆಸರಿನಲ್ಲಿ ಊಟಕ್ಕೆ ಕೂರುತ್ತಾನೆ, ಎರಡು ವಾರದಲ್ಲಿ ನೋಡುಗರೂ ಒಗ್ಗಿಕೊಳ್ಳುತ್ತಾರೆ. ಬಿಬಿಸಿಯವರು ನಟನ ಬದಲಾವಣೆಯನ್ನೇ ಕಥೆಯಾಗಿಸಿದರು. ಡಾಕ್ಟರನ ಜನಾಂಗದವರು ಸಾಯುವ ಹೊತ್ತಿಗೆ ಹೊಸ ದೇಹ, ಹೊಸ ಮುಖ ಪಡೆದು ಮರುಹುಟ್ಟು ಪಡೆಯುತ್ತಾರೆ, ನೆನಪು ಮಾತ್ರ ಹಳೆಯದೇ ಎಂದರು. ಹಾರ್ಟ್‌ನೆಲ್ ನೆಲಕ್ಕೆ ಬಿದ್ದು, ಪ್ಯಾಟ್ರಿಕ್ ಟ್ರಾಟನ್ ಎದ್ದರು. ಧಾರಾವಾಹಿ ಅರವತ್ತು ವರ್ಷ ದಾಟಲು ಈ ಉಪಾಯವೇ ಕಾರಣ. ಹಳೆಯ ಡಾಕ್ಟರುಗಳನ್ನು ಹೊಸಬನ ಎದುರಿಗೆ ತಂದು ನಿಲ್ಲಿಸಬಹುದು ಎಂಬ ಆಸೆ ಹುಟ್ಟಿದ್ದೂ ಇದರಿಂದಲೇ. ಕಾಲದಲ್ಲಿ ತಿರುಗುವವನು ತನ್ನನ್ನೇ ತಾನು ಭೇಟಿಯಾಗಲು ಅಡ್ಡಿ ಏನು?

ಮೊದಲ ಭೇಟಿ ‘ದ ತ್ರೀ ಡಾಕ್ಟರ್ಸ್’. ಹತ್ತನೆಯ ವರ್ಷದ ಸರಣಿಯ ಆರಂಭಕ್ಕೆಂದು 1972ರ ಡಿಸೆಂಬರ್ 30ರಿಂದ 1973ರ ಜನವರಿ 20ರವರೆಗೆ ಪ್ರಸಾರವಾದ ಕಥೆ. ಆಗಿನ ಡಾಕ್ಟರ್ ಜಾನ್ ಪರ್ಟ್ವೀ, ಎರಡನೆಯವರಾದ ಟ್ರಾಟನ್ ಇಬ್ಬರೂ ಕಾಲು ಎಳೆದಾಡುತ್ತ ಜಗಳವಾಡುತ್ತಾರೆ, ಹಬ್ಬ ಎಂದರೆ ಅದೇ. ಹಾರ್ಟ್‌ನೆಲ್ ಅವರಿಗೆ ಮಾತು ನೆನಪಿಟ್ಟುಕೊಂಡು ಓಡಾಡಿ ನಟಿಸುವ ಶಕ್ತಿ ಉಳಿದಿರಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದ ಹಲಗೆಗಳನ್ನು ಎದುರಿಗೆ ಹಿಡಿದು, ಅವರ ಭಾಗವನ್ನು ಬೇರೆಯಾಗಿಯೇ ಚಿತ್ರಿಸಿಕೊಂಡರು. ತೆರೆಯ ಮೇಲೆ ಅವರು ಟಾರ್ಡಿಸ್ಸಿನ ಪರದೆಯೊಳಗಿಂದ ಸಲಹೆ ಕೊಡುವ ಹಿರಿಯನಾಗಿ ಕಾಣುತ್ತಾರೆ. ಅವರ ಕೊನೆಯ ನಟನೆ ಅದು. 1975ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮೂವರು ಡಾಕ್ಟರುಗಳ ಕಥೆ ಎಂದು ಹೆಸರಿದ್ದರೂ ಮೂವರೂ ಒಂದೇ ದೃಶ್ಯದಲ್ಲಿ ಕೈಗೆ ಕೈ ತಾಗುವಂತೆ ನಿಲ್ಲಲೇ ಇಲ್ಲ. ಆ ಕೊರತೆಯನ್ನು ತುಂಬಿ ಬರೆದ ಅಭಿಮಾನಿ ಕಥೆಗಳಲ್ಲಿ ಹಾರ್ಟ್‌ನೆಲ್ ಪರದೆಯಿಂದ ಹೊರಗೆ ಬಂದು ಓಡಾಡುತ್ತಾರೆ.

ಇಪ್ಪತ್ತನೆಯ ವರ್ಷದ ‘ದ ಫೈವ್ ಡಾಕ್ಟರ್ಸ್’ ಇನ್ನೂ ಗೋಜಲು. ಮೊದಲು ಬರೆಯಲು ಕುಳಿತ ರಾಬರ್ಟ್ ಹೋಮ್ಸ್ ಕೈಬಿಟ್ಟರು, ಟೆರನ್ಸ್ ಡಿಕ್ಸ್ ಎತ್ತಿಕೊಂಡರು. ಹಾರ್ಟ್‌ನೆಲ್ ಇಲ್ಲವಾದ್ದರಿಂದ ರಿಚರ್ಡ್ ಹರ್ನ್‌ಡಲ್ ಎಂಬ ನಟನಿಗೆ ಬಿಳಿ ಕೂದಲಿನ ವಿಗ್ ತೊಡಿಸಿ ಮೊದಲ ಡಾಕ್ಟರ್ ಮಾಡಿದರು. ನಾಲ್ಕನೆಯ ಡಾಕ್ಟರ್ ಟಾಮ್ ಬೇಕರ್ ಅಷ್ಟರಲ್ಲೇ ಪಾತ್ರ ಬಿಟ್ಟು ಹೋಗಿದ್ದರು, ಇಷ್ಟು ಬೇಗ ಮರಳಿ ಬರಲಾರೆ ಎಂದರು. ಉದ್ದನೆಯ ಮಫ್ಲರಿನ ಆ ಡಾಕ್ಟರನೇ ಜನಕ್ಕೆ ಎಲ್ಲರಿಗಿಂತ ಪ್ರಿಯ, ಅವನಿಲ್ಲದೆ ಹಬ್ಬ ಹೇಗೆ? 1979ರಲ್ಲಿ ಕಾರ್ಮಿಕರ ಮುಷ್ಕರದಿಂದ ಅರ್ಧಕ್ಕೆ ನಿಂತ ‘ಶಾಡಾ’ ಎಂಬ ಕಥೆಯ ರೀಲುಗಳನ್ನು ಹುಡುಕಿ ತೆಗೆದರು. ಅದರಲ್ಲಿ ಕೇಂಬ್ರಿಜ್ ನದಿಯಲ್ಲಿ ಟಾಮ್ ಬೇಕರ್ ದೋಣಿ ನಡೆಸುವ ದೃಶ್ಯವಿತ್ತು. ಅದನ್ನೇ ಇಲ್ಲಿ ಅಂಟಿಸಿ, ಡಾಕ್ಟರ್ ಕಾಲದ ಸುಳಿಯಲ್ಲಿ ಸಿಕ್ಕಿಬಿದ್ದಿದ್ದಾನೆ ಎಂದು ಕಥೆ ಹೆಣೆದರು. ಪ್ರಚಾರದ ಫೋಟೊ ತೆಗೆಯುವ ದಿನವೂ ಅವರು ಬರಲಿಲ್ಲ. ಮೇಡಂ ಟುಸ್ಸಾಡ್ಸ್ ಮ್ಯೂಸಿಯಂನಿಂದ ಅವರ ಮೇಣದ ಗೊಂಬೆ ತಂದು ಉಳಿದವರ ಪಕ್ಕ ನಿಲ್ಲಿಸಿದರು! ಸಂಚಿಕೆ ಅಮೆರಿಕದಲ್ಲಿ 1983ರ ನವೆಂಬರ್ 23ಕ್ಕೂ ಬ್ರಿಟನ್ನಿನಲ್ಲಿ 25ಕ್ಕೂ ಪ್ರಸಾರವಾಯಿತು.

ಹಳೆಯ ತುಣುಕನ್ನು ಹೊಸ ಕಥೆಗೆ ಅಂಟಿಸುವ ಈ ವಿದ್ಯೆಯನ್ನು ಅಭಿಮಾನಿಗಳು ಕಲಿತದ್ದು ಬಿಬಿಸಿಯಿಂದಲೇ ಎನ್ನಬೇಕು. ಸತ್ತ ನಟನಿಗೆ ಬದಲಿ ನಟ, ಬಾರದ ನಟನಿಗೆ ಹಳೆಯ ರೀಲು, ಅದೂ ಇಲ್ಲದಿದ್ದರೆ ಗೊಂಬೆ: ಅಭಿಮಾನಿಗಳು ಮುಂದೆ ಬಳಸಿದ ಕೈಚಳಕಗಳೆಲ್ಲ ಈ ಒಂದೇ ಸಂಚಿಕೆಯಲ್ಲಿವೆ. ಬಿಬಿಸಿಯೇ 1995ರಲ್ಲಿ ಇದನ್ನು ಮತ್ತೆ ಕತ್ತರಿಸಿ, ಹೊಸ ದೃಶ್ಯ ಪರಿಣಾಮಗಳನ್ನು ಸೇರಿಸಿ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ವಿಶೇಷ ಮುದ್ರಿಕೆ ತಂದಿತು.

ಮೂವತ್ತನೆಯ ವರ್ಷದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಧಾರಾವಾಹಿ 1989ರಲ್ಲೇ ನಿಂತಿತ್ತು. ‘ದ ಡಾರ್ಕ್ ಡೈಮೆನ್ಶನ್’ ಎಂಬ ವಿಶೇಷ ಚಿತ್ರ ಚಿತ್ರೀಕರಣಕ್ಕೆ ಮುನ್ನವೇ ರದ್ದಾಯಿತು. ಬದಲಿಗೆ 1993ರ ನವೆಂಬರ್ 26 ಮತ್ತು 27ರಂದು ‘ಡೈಮೆನ್ಶನ್ಸ್ ಇನ್ ಟೈಮ್’ ಎಂಬ ಪುಟ್ಟ ಸಹಾಯಾರ್ಥ ತುಣುಕು ಬಂತು. ಬದುಕಿದ್ದ ಐವರು ಡಾಕ್ಟರುಗಳು, ‘ಈಸ್ಟ್‌ಎಂಡರ್ಸ್’ ಎಂಬ ಮನೆಮಂದಿ ಧಾರಾವಾಹಿಯ ಪಾತ್ರಗಳ ನಡುವೆ, ತ್ರೀಡಿ ಕನ್ನಡಕಕ್ಕೆ ಹೊಂದುವಂತೆ ಸುಮ್ಮಸುಮ್ಮನೆ ಓಡಾಡಿದರು. ನಟರೆಲ್ಲ ಸಂಭಾವನೆಯಿಲ್ಲದೆ ದುಡಿದಿದ್ದರು, ಮಾರಾಟಕ್ಕೆ ಇಡಬಾರದೆಂಬ ಷರತ್ತಿತ್ತು. ಅಭಿಮಾನಿಗಳು ನಕ್ಕು ಅತ್ತು ಸುಮ್ಮನಾದರು. ರದ್ದಾದ ಚಿತ್ರ ಹೀಗಿದ್ದಿರಬಹುದು ಎಂದು ಬರೆಯುವವರಿಗೆ ಮಾತ್ರ ಅದು ಮುಗಿಯದ ವಸ್ತುವಾಯಿತು. ಯಾರೂ ನೋಡದ ಚಿತ್ರವನ್ನು ತಪ್ಪೆಂದು ಹೇಳುವವರೂ ಇರಲಿಲ್ಲ.

ಧಾರಾವಾಹಿ ಇಲ್ಲದ ಆ ವರ್ಷಗಳಲ್ಲಿ ಅಭಿಮಾನಿ ಎಂಬುವನ ಸ್ವರೂಪವೇ ಬದಲಾಯಿತು. ಕರ್ನಾಟಕದಲ್ಲಿ ಅಭಿಮಾನಿ ಎಂದರೆ ನಟನ ಕಟೌಟಿಗೆ ಹಾಲೆರೆಯುವವನು, ಮೊದಲ ದಿನದ ಮೊದಲ ಆಟಕ್ಕೆ ಸೀಟಿ ಹೊಡೆಯುವವನು. ಅವನ ಭಕ್ತಿ ನಟನಿಗೆ. ಡಾಕ್ಟರ್ ಹೂ ಅಭಿಮಾನಿಗೆ ನಟ ಬರುತ್ತಾನೆ, ಹೋಗುತ್ತಾನೆ. ಅವನ ನಿಷ್ಠೆ ಕಥೆಗೆ, ಆದ್ದರಿಂದಲೇ ಕಥೆಯನ್ನು ತಿದ್ದುವ ಹಕ್ಕೂ ತನ್ನದೆಂದು ಭಾವಿಸುತ್ತಾನೆ. ಈ ನಿಷ್ಠೆಗೆ ಒಳ್ಳೆಯ ಪುರಾವೆ ಒಂದಿದೆ. ಬಿಬಿಸಿ ಅರವತ್ತರ ದಶಕದ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು, ಫಿಲಂ ಪ್ರತಿಗಳನ್ನು ಎಸೆಯಿತು. ಅದರಿಂದ ತೊಂಬತ್ತಕ್ಕೂ ಹೆಚ್ಚು ಸಂಚಿಕೆಗಳ ಚಿತ್ರ ಕಳೆದುಹೋಯಿತು. ಆದರೆ ಪ್ರತಿಯೊಂದರ ಧ್ವನಿಯೂ ಉಳಿದಿದೆ, ಏಕೆಂದರೆ ಪ್ರಸಾರದ ಹೊತ್ತಿಗೆ ಮನೆಯಲ್ಲಿ ಟಿವಿಯ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡ ಹುಡುಗರಿದ್ದರು. ಈಗ ಬಿಬಿಸಿಯ ಹೆಸರಿನಲ್ಲಿ ಬರುವ ಆ್ಯನಿಮೇಶನ್ ಮುದ್ರಿಕೆಗಳು ನಿಂತಿರುವುದು ಆ ಹುಡುಗರ ಟೇಪಿನ ಮೇಲೆ.

ಎಂಬತ್ತರ ದಶಕದಲ್ಲಿ ‘ಆಡಿಯೊ ವಿಶುವಲ್ಸ್’ ಎಂಬ ಹೆಸರಿನಲ್ಲಿ ಕ್ಯಾಸೆಟ್ಟಿನಲ್ಲಿ ತಮ್ಮದೇ ಡಾಕ್ಟರ್ ಕಥೆಗಳನ್ನು ಆಡಿ ಹಂಚಿದ ಗುಂಪಿನಲ್ಲಿ ಗ್ಯಾರಿ ರಸೆಲ್, ನಿಕೋಲಸ್ ಬ್ರಿಗ್ಸ್ ಇದ್ದರು. 1999ರಲ್ಲಿ ‘ಬಿಗ್ ಫಿನಿಶ್’ ಕಂಪನಿ ಬಿಬಿಸಿಯಿಂದ ಅಧಿಕೃತ ಪರವಾನಗಿ ಪಡೆದು ಶ್ರವ್ಯ ನಾಟಕಗಳನ್ನು ತರಲು ಶುರು ಮಾಡಿದಾಗ ಕೆಲಸ ಹಿಡಿದವರು ಇವರೇ. 2005ರಿಂದ ತೆರೆಯ ಮೇಲೆ ಡಾಲೆಕ್ ರಾಕ್ಷಸರ ಕರ್ಕಶ ದನಿ ಬ್ರಿಗ್ಸ್ ಅವರದ್ದು. ಇನ್ನೊಂದು ಗುಂಪು ವಿಡಿಯೊ ಹಿಡಿಯಿತು. ಬಿಬಿಸಿಯ ಹೊರಗಿನ ಲೇಖಕರು ತಾವು ಸೃಷ್ಟಿಸಿದ ಜೀವಿಗಳ ಹಕ್ಕನ್ನು ತಾವೇ ಇಟ್ಟುಕೊಂಡಿದ್ದರು. ಡಾಕ್ಟರನನ್ನು ಬಳಸುವಂತಿಲ್ಲ, ಲೇಖಕ ಒಪ್ಪಿದರೆ ಅವನ ರಾಕ್ಷಸನನ್ನು ಬಳಸಬಹುದು! ಈ ಸಂದಿಯಲ್ಲಿ ತೂರಿ ರೀಲ್‌ಟೈಮ್ ಪಿಕ್ಚರ್ಸ್ 1995ರಲ್ಲಿ ‘ಡೌನ್‌ಟೈಮ್’ ಎಂಬ ಚಿತ್ರ ಮಾಡಿತು. ಯೇತಿ ರಾಕ್ಷಸರಿದ್ದರು, ಧಾರಾವಾಹಿಯ ಹಳೆಯ ಬ್ರಿಗೇಡಿಯರ್ ಪಾತ್ರವಿತ್ತು, ಡಾಕ್ಟರ್ ಇರಲಿಲ್ಲ. ಬ್ರಿಗೇಡಿಯರನಿಗೆ ಕೇಟ್ ಎಂಬ ಮಗಳನ್ನು ಹುಟ್ಟಿಸಿದ್ದು ಈ ಚಿತ್ರವೇ. ಅದೇ ಕೇಟ್ 2012ರಲ್ಲಿ ಜೆಮ್ಮಾ ರೆಡ್‌ಗ್ರೇವ್ ಅವರ ರೂಪದಲ್ಲಿ ಬಿಬಿಸಿಯ ಧಾರಾವಾಹಿಗೆ ಬಂದಳು, ಮರುವರ್ಷ ಐವತ್ತನೆಯ ವಾರ್ಷಿಕೋತ್ಸವದ ಚಿತ್ರದಲ್ಲಿ ಮುಖ್ಯ ಪಾತ್ರವಾದಳು. ಅಭಿಮಾನಿಗಳ ಕೈಯಲ್ಲಿ ಹುಟ್ಟಿದ ಕೂಸು ಹೀಗೆ ಅರಮನೆಯ ಪಂಕ್ತಿಯಲ್ಲಿ ಕೂತಿತು.

ಆ ಚಿತ್ರ ‘ದ ಡೇ ಆಫ್ ದ ಡಾಕ್ಟರ್’. 2013ರ ನವೆಂಬರ್ 23ರಂದು 94 ದೇಶಗಳಲ್ಲಿ ಏಕಕಾಲಕ್ಕೆ ಪ್ರಸಾರವಾಗಿ ಗಿನ್ನೆಸ್ ದಾಖಲೆ ಮಾಡಿತು. ಅಭಿಮಾನಿಗಳು ಹೆಚ್ಚು ತಿದ್ದಿದ ಸಂಚಿಕೆಯೂ ಬಹುಶಃ ಇದೇ, ಆದ್ದರಿಂದ ಸ್ವಲ್ಪ ಬಿಡಿಸಿ ನೋಡುವುದು ಲೇಸು. 2005ರಲ್ಲಿ ಧಾರಾವಾಹಿ ಮತ್ತೆ ಶುರುವಾದಾಗ ಒಂಬತ್ತನೆಯ ಡಾಕ್ಟರ್ ಕ್ರಿಸ್ಟೋಫರ್ ಎಕಲ್‌ಸ್ಟನ್. ಅವನ ಕಣ್ಣಲ್ಲಿ ಒಂದು ಪಾಪಪ್ರಜ್ಞೆ. ಡಾಲೆಕ್‌ಗಳ ಜೊತೆಗಿನ ಮಹಾಯುದ್ಧವನ್ನು ಮುಗಿಸಲು ತನ್ನ ಲೋಕ ಗ್ಯಾಲಿಫ್ರೇಯನ್ನೇ ತಾನು ಸುಟ್ಟೆ ಎಂಬುದು. ಎಕಲ್‌ಸ್ಟನ್ 13 ಸಂಚಿಕೆ ಮಾಡಿ ಬಿಟ್ಟರು. ಐವತ್ತನೆಯ ವರ್ಷಕ್ಕೆ ಆ ಯುದ್ಧದ ಕೊನೆಯ ದಿನವನ್ನು ತೋರಿಸಬೇಕೆಂದು ಬರಹಗಾರ ಸ್ಟೀವನ್ ಮೊಫಾಟ್ ಹೊರಟಾಗ ಎಕಲ್‌ಸ್ಟನ್ ಮಾತುಕತೆಗೆ ಬಂದರು, ಕೊನೆಗೆ ಒಲ್ಲೆ ಎಂದರು. ಮೊಫಾಟ್ ಆ ಜಾಗಕ್ಕೆ ಯಾರೂ ಕೇಳಿರದ ಇನ್ನೊಬ್ಬ ಡಾಕ್ಟರನನ್ನು, ಎಂಟನೆಯವನಿಗೂ ಒಂಬತ್ತನೆಯವನಿಗೂ ನಡುವೆ ಬದುಕಿದ ‘ಯುದ್ಧದ ಡಾಕ್ಟರ’ನನ್ನು ಕಲ್ಪಿಸಿ ಜಾನ್ ಹರ್ಟ್ ಅವರನ್ನು ಕರೆತಂದರು. ಹರ್ಟ್ ದೊಡ್ಡ ನಟ, ಚಿತ್ರ ಗೆದ್ದಿತು. ಆದರೂ ಎಂಟು ವರ್ಷ ಒಬ್ಬನ ಹೆಗಲ ಮೇಲಿದ್ದ ಪಾಪವನ್ನು ಇನ್ನೊಬ್ಬನಿಗೆ ವರ್ಗಾಯಿಸಿದಂತಾಯಿತು ಎಂಬ ಅಸಮಾಧಾನ ಅನೇಕರಲ್ಲಿ ಉಳಿಯಿತು.

ಅಲ್ಲಿಂದ ‘ಎಕಲ್‌ಸ್ಟನ್ ಬಂದಿದ್ದರೆ’ ಎಂಬ ಮರುಕಲ್ಪನೆಗಳು ಹರಿದವು. ಬರೆಯುವವರಿಗೆ ಮೊದಲ ತಲೆನೋವು ಒಂದು ಕನ್ನಡಿ. 2005ರ ಮೊದಲ ಸಂಚಿಕೆ ‘ರೋಸ್’ನಲ್ಲಿ ಒಂಬತ್ತನೆಯ ಡಾಕ್ಟರ್ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಕಿವಿ ಹೀಗಿವೆಯಲ್ಲ ಎಂದು ಗೊಣಗುತ್ತಾನೆ. ಅಂದರೆ ಈ ಮುಖ ಬಂದು ಹೆಚ್ಚು ದಿನವಾಗಿಲ್ಲ. ಹಾಗಿದ್ದರೆ ಅದೇ ಮುಖದಲ್ಲಿ ಯುದ್ಧ ಮಾಡಿದ್ದು ಯಾವಾಗ? ಕೆಲವರು ಎಂಟನೆಯ ಡಾಕ್ಟರ್ ಪಾಲ್ ಮೆಗಾನ್ ಯುದ್ಧವೆಲ್ಲ ಮಾಡಿ, ಗ್ಯಾಲಿಫ್ರೇ ಸುಡುವ ಅಸ್ತ್ರದ ಗುಂಡಿ ಒತ್ತುವ ಗಳಿಗೆಗೆ ಒಂಬತ್ತನೆಯವನಾಗಿ ಬದಲಾದ ಎಂದು ಬರೆದರು. ಕೆಲವರು ಗುಂಡಿಯನ್ನೇ ಮೆಗಾನ್ ಕೈಗೆ ಕೊಟ್ಟರು. ಇನ್ನೂ ಕೆಲವರು ಯುದ್ಧದಲ್ಲಿ ಕನ್ನಡಿ ನೋಡಲು ಯಾರಿಗೆ ಪುರುಸೊತ್ತು ಎಂದು ಕೈತೊಳೆದುಕೊಂಡರು. ಮೊಫಾಟ್ ಅವರಿಗೂ ಒಂಬತ್ತನೆಯ ಡಾಕ್ಟರ್ ಗುಂಡಿ ಒತ್ತಿದವನಂತೆ ಕಾಣುವುದಿಲ್ಲ ಎಂಬ ಅಳುಕು ಇತ್ತಂತೆ.

ಗುಂಡಿ ಒತ್ತುವ ಅಸ್ತ್ರದ್ದು ಇನ್ನೊಂದು ಸ್ವಾರಸ್ಯ. ಚಿತ್ರದಲ್ಲಿ ಆ ಅಸ್ತ್ರಕ್ಕೆ ಬುದ್ಧಿಯುಂಟು, ಅದು ರೋಸ್ ಎಂಬ ಹುಡುಗಿಯ ರೂಪದಲ್ಲಿ ಡಾಕ್ಟರನ ಮುಂದೆ ನಿಂತು ವಾದಿಸುತ್ತದೆ. ಹರ್ಟ್‌ನ ಡಾಕ್ಟರನಿಗೆ ಆ ಮುಖ ಯಾರದೆಂದು ಗೊತ್ತಿಲ್ಲ, ಮುಂದೆ ಅವಳ ಜೊತೆ ತಿರುಗುವವನೂ ಅವನಲ್ಲ. ಅದೇ ಜಾಗದಲ್ಲಿ ಎಕಲ್‌ಸ್ಟನ್ ಇದ್ದರೆ, ಕೆಲವೇ ದಿನದಲ್ಲಿ ಲಂಡನ್ನಿನ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಕೈಹಿಡಿದು ಓಡಬೇಕಾದ ಹುಡುಗಿಯ ಎದುರು ಅವನು ನಿಂತಂತಾಗುತ್ತದೆ. ಒಬ್ಬ ನಟನನ್ನು ಬದಲಾಯಿಸಿದರೆ ಇಡೀ ದೃಶ್ಯದ ತೂಕ ಬೇರೆಯಾಗುತ್ತದೆ. ಒಳ್ಳೆಯ ಮರುಕಲ್ಪನೆಗಳು ಇಂಥ ಕಡೆ ಮೂಲಕ್ಕಿಂತ ಗಟ್ಟಿಯಾಗಿವೆ ಎಂದರೆ ಅತಿಶಯವಲ್ಲ. ಎಲ್ಲ ಡಾಕ್ಟರುಗಳನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಮಾತು ಹಂಚುವವು ಮಾತ್ರ ಸಭೆಯ ಸ್ವಾಗತ ಭಾಷಣದಂತೆ ಓದಿಸಿಕೊಳ್ಳುತ್ತವೆ.

ದೃಶ್ಯದಲ್ಲೇ ತಿದ್ದಲು ಹೊರಟವರ ಪಾಡು ಬೇರೆ. ಚಿತ್ರದ ಕೊನೆಯಲ್ಲಿ ಹರ್ಟ್ ಮರುಹುಟ್ಟು ಪಡೆಯಲು ಶುರು ಮಾಡುತ್ತಾರೆ, ಎಕಲ್‌ಸ್ಟನ್ ಮುಖ ಪೂರ್ತಿ ಮೂಡುವ ಮುನ್ನವೇ ದೃಶ್ಯ ಕತ್ತರಿಸಿದೆ. ಆ ಕೆಲವು ಸೆಕೆಂಡುಗಳನ್ನು ಪೂರ್ತಿ ಮಾಡುವುದು ಎಡಿಟಿಂಗ್ ಕಲಿಯುವ ಅಭಿಮಾನಿಗಳಿಗೆ ಒಂದು ಪಂಥವೇ ಆಗಿದೆ. ಕೈಯಲ್ಲಿರುವುದು 13 ಸಂಚಿಕೆಗಳ ಸರಕು ಮಾತ್ರ. ಅದರಲ್ಲಿ ಬಾಯಿ ಮುಚ್ಚಿಕೊಂಡು, ನೇರ ಎದುರಿಗೆ ನೋಡುವ, ಹಿಂದೆ ಬೇರೆ ಯಾರೂ ಇಲ್ಲದ ಒಂದು ನೋಟ ಹುಡುಕಬೇಕು. 2005ರ ಸಂಚಿಕೆಗಳನ್ನು ಹೈ ಡೆಫಿನಿಶನ್ ಬರುವ ಮುನ್ನ ಸಾಧಾರಣ ಡಿಜಿಟಲ್ ವಿಡಿಯೊದಲ್ಲಿ ಹಿಡಿದದ್ದು. ಹಿಗ್ಗಿಸಿದರೆ ಮುಖದ ಅಂಚು ಮಸುಕಾಗುತ್ತದೆ. 2013ರ ಚಿತ್ರ ತ್ರೀಡಿ ಕ್ಯಾಮೆರಾದ್ದು, ಕೂದಲ ಎಳೆಯೂ ಲೆಕ್ಕಕ್ಕೆ ಸಿಗುತ್ತದೆ. ಎರಡನ್ನೂ ಹೊಂದಿಸಲು ಹೊಸದನ್ನು ಸ್ವಲ್ಪ ಮಸುಕಾಗಿಸಿ, ಹಳೆಯದಕ್ಕೆ ಬಣ್ಣ ತಿದ್ದಿ, ಮರುಹುಟ್ಟಿನ ಚಿನ್ನದ ಬೆಳಕನ್ನು ಅಂಚಿನ ಮೇಲೆ ಸುರಿದು ತೇಪೆ ಮುಚ್ಚುತ್ತಾರೆ. ಅರವತ್ತು, ಎಪ್ಪತ್ತರ ದಶಕದ ಡಾಕ್ಟರುಗಳಾದರೆ ಚೌಕಟ್ಟೇ ಬೇರೆ ಅಳತೆಯದು, ಕಪ್ಪುಬಿಳುಪಿಗೆ ಬಣ್ಣವನ್ನೂ ಹಾಕಬೇಕು. ಇತ್ತೀಚೆಗೆ ಮುಖ ಬದಲಿಸುವ ಸಾಫ್ಟ್‌ವೇರ್ ಬಂದು ಈ ಶ್ರಮ ಕಡಿಮೆಯಾಗಿದೆ. ಜೊತೆಗೆ, ಸತ್ತ ನಟನ ಮುಖವನ್ನು ಅವನ ಒಪ್ಪಿಗೆಯಿಲ್ಲದೆ ಆಡಿಸಬಹುದೇ ಎಂಬ ಪ್ರಶ್ನೆಯೂ ಬಂದಿದೆ.

ಹೊರಗುಳಿದವರಲ್ಲಿ ಎಕಲ್‌ಸ್ಟನ್ ತಾವೇ ಒಲ್ಲೆ ಎಂದವರು. ಕರೆಯೇ ಬಾರದ ಹಳಬರೂ ಇದ್ದರು. ಐದನೆಯ ಡಾಕ್ಟರ್ ಪೀಟರ್ ಡೇವಿಸನ್ ಅದನ್ನೇ ತಮಾಷೆ ಮಾಡಿ ‘ದ ಫೈವಿಶ್ ಡಾಕ್ಟರ್ಸ್ ರೀಬೂಟ್’ ಬರೆದು ನಿರ್ದೇಶಿಸಿದರು. ತಾವು, ಕಾಲಿನ್ ಬೇಕರ್, ಸಿಲ್ವೆಸ್ಟರ್ ಮೆಕಾಯ್ ಮೂವರೂ ವಿಶೇಷ ಚಿತ್ರದ ಸೆಟ್ಟಿಗೆ ಕದ್ದು ನುಗ್ಗಿ, ಬಟ್ಟೆ ಹೊದಿಸಿದ ಪ್ರತಿಮೆಗಳ ವೇಷದಲ್ಲಿ ನಿಂತು, ಹೇಗಾದರೂ ತೆರೆಗೆ ಬಂದೆವು ಎಂದು ಬೀಗುತ್ತಾರೆ. ಮೂಲ ಚಿತ್ರ ನೋಡಿದವರಿಗೆ ಆ ಹೊದಿಕೆಯ ಪ್ರತಿಮೆಗಳನ್ನು ಕಂಡಾಗೆಲ್ಲ ಈಗ ನಗು ಬರುತ್ತದೆ. ಅಧಿಕೃತ ಬರಹಗಾರರೂ ಈ ಚಟದಿಂದ ಹೊರತಲ್ಲ. ಧಾರಾವಾಹಿಗೆ ಮರುಜೀವ ಕೊಟ್ಟ ರಸೆಲ್ ಟಿ. ಡೇವಿಸ್, ಮೆಗಾನ್ ಎಕಲ್‌ಸ್ಟನ್ ಆಗಿ ಬದಲಾಗುವ ಗಳಿಗೆಯನ್ನು 2013ರಲ್ಲಿ ಪತ್ರಿಕೆಯೊಂದರ ಐವತ್ತನೆಯ ವರ್ಷದ ಸಂಚಿಕೆಗೆ ಬರೆದಿದ್ದರು. ಹರ್ಟ್ ಬರುವುದರಿಂದ ಅದು ಹೊಂದುವುದಿಲ್ಲವೆಂದು ತಡೆಹಿಡಿಯಲಾಯಿತು. ಲಾಕ್‌ಡೌನಿನ 2020ರಲ್ಲಿ ಅಭಿಮಾನಿಗಳೆಲ್ಲ ಮನೆಯಲ್ಲಿ ಕೂತು ಒಂದೇ ಹೊತ್ತಿಗೆ ಹಳೆಯ ಸಂಚಿಕೆಗಳನ್ನು ನೋಡುತ್ತಿದ್ದಾಗ ಅದು ಹೊರಬಂತು.

ಇತ್ತ ಕರ್ನಾಟಕದ ಗಡಿಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರಿಗೆ ನೀಲಿ ಪೆಟ್ಟಿಗೆ ಅಪರಿಚಿತ ಇರಬಹುದು, ಮಂದಿಯ ಕಥೆಯನ್ನು ತಮ್ಮದಾಗಿ ತಿದ್ದುವ ಚಾಳಿ ಅಲ್ಲ. ರಾಯಬಾಗದ ನೆರೆಯಲ್ಲೇ ಕುಲಗೋಡ ಇದೆ. ಅಪರಾಳ ತಮ್ಮಣ್ಣ ರಚಿಸಿದ ‘ಶ್ರೀಕೃಷ್ಣ ಪಾರಿಜಾತ’ವನ್ನು ಕುಲಗೋಡ ತಮ್ಮಣ್ಣ ತಿದ್ದಿ, ಹಿಗ್ಗಿಸಿ ಆಟಕ್ಕೆ ಒಗ್ಗಿಸಿದ, ಮಂದಿ ನೆನೆಯುವುದು ಆ ತಿದ್ದಿದ ಪಾರಿಜಾತವನ್ನೇ. ರುಕ್ಮಿಣಿಗೆ ಒಂದು ಹೂವು ಕೊಟ್ಟದ್ದಕ್ಕೆ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ ಎಂಬಷ್ಟೇ ಕಥೆಯನ್ನು ಬೆಳತನಕ ಎಳೆಯಬೇಕಾದರೆ ದೂತಿಯ ಮಾತಿನಲ್ಲಿ ಆಯಾ ಊರಿನ ಸುದ್ದಿ ಬೆರೆಯಲೇಬೇಕು. ಕಾಗವಾಡದಿಂದ ಮೀರಜ್ ದಾಟಿದರೆ ಸಿಗುವ ಸಾಂಗ್ಲಿಯದ್ದು ಇನ್ನೂ ದೊಡ್ಡ ಉದಾಹರಣೆ. ಕರ್ನಾಟಕದಿಂದ ಬಂದ ಭಾಗವತರ ಆಟ ನೋಡಿ ಮೆಚ್ಚಿದ ಸಾಂಗ್ಲಿಯ ಅರಸ ಚಿಂತಾಮಣರಾವ್ ಪಟವರ್ಧನರು ಅಂಥದ್ದೇ ಮರಾಠಿಯಲ್ಲಿ ಆಗಲಿ ಎಂದರು. ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ, ನವೆಂಬರ್ 5 ಅದರ ಹಬ್ಬದ ದಿನ. ಗಡಿಯ ಹಳ್ಳಿಗಳ ಜಾತ್ರೆಯ ನಾಟಕಗಳಲ್ಲೂ ಅಚ್ಚಾದ ಪುಸ್ತಕ ಇದ್ದಂತೆ ಆಡುವುದು ಕಡಿಮೆ. ನಾಯಕನ ಊರಿನ ಹೆಸರು ಬದಲಾಗುತ್ತದೆ, ಸಾಹುಕಾರ ಕಬ್ಬಿನ ಬಿಲ್ ತಡೆಹಿಡಿದವನಾಗುತ್ತಾನೆ, ಪಾತ್ರಧಾರಿ ಕೈಕೊಟ್ಟರೆ ಒಂದು ಪ್ರವೇಶವೇ ಹಾರಿಹೋಗುತ್ತದೆ.

ಪಾರಿಜಾತಕ್ಕೂ ಡಾಕ್ಟರನಿಗೂ ಇರುವ ನಿಜವಾದ ವ್ಯತ್ಯಾಸ ಯಜಮಾನಿಕೆಯದು. ಕೃಷ್ಣನಿಗೆ ಕಾಪಿರೈಟ್ ಇಲ್ಲ, ಡಾಕ್ಟರ್ ಬಿಬಿಸಿಯ ಆಸ್ತಿ. ಡಾಲೆಕ್‌ಗಳಲ್ಲಿ ಅವುಗಳ ಕರ್ತೃ ಟೆರಿ ನೇಶನ್ ಅವರ ವಾರಸುದಾರರಿಗೂ ಪಾಲುಂಟು. ಅರವತ್ತನೆಯ ವರ್ಷದಲ್ಲಿ ಹಳೆಯ ಸಂಚಿಕೆಗಳನ್ನೆಲ್ಲ ಬಿಬಿಸಿ ಒಂದೆಡೆ ನೋಡಲು ಇಟ್ಟಾಗ 1963ರ ಮೊದಲ ಕಥೆ ಮಾತ್ರ ಅಲ್ಲಿರಲಿಲ್ಲ. ಅದರ ಲೇಖಕನ ವಾರಸುದಾರರ ಜೊತೆ ಹಕ್ಕಿನ ತಕರಾರು. ದುಡ್ಡು ಮಾಡದೆ, ತಮ್ಮ ಸಂತೋಷಕ್ಕೆ ಬರೆದು ಹಂಚುವವರನ್ನು ಕಂಪನಿಗಳು ಸಾಮಾನ್ಯವಾಗಿ ಕಂಡೂ ಕಾಣದಂತಿರುತ್ತವೆ. ಹಣ ಕೂಡಿದಾಗ ಕಣ್ಣು ಕೆಂಪಾಗುತ್ತದೆ. ಅಮೆರಿಕದ ‘ಸ್ಟಾರ್ ಟ್ರೆಕ್’ನ ನಲವತ್ತನೆಯ ವಾರ್ಷಿಕೋತ್ಸವಕ್ಕೆಂದು ಅಭಿಮಾನಿಗಳು ಮಾಡಿದ ‘ಆಫ್ ಗಾಡ್ಸ್ ಆ್ಯಂಡ್ ಮೆನ್’ನಲ್ಲಿ ಮೂಲ ನಟರಾದ ವಾಲ್ಟರ್ ಕೋನಿಗ್, ನಿಶೆಲ್ ನಿಕೋಲ್ಸ್ ಅವರೇ ನಟಿಸಿದ್ದರು, ಯಾರೂ ತಡೆಯಲಿಲ್ಲ. ಆದರೆ ‘ಆ್ಯಕ್ಸನಾರ್’ ಎಂಬ ಅಭಿಮಾನಿ ಚಿತ್ರ ಹತ್ತು ಲಕ್ಷ ಡಾಲರಿಗೂ ಹೆಚ್ಚು ಚಂದಾ ಎತ್ತಿದಾಗ 2015ರ ಡಿಸೆಂಬರ್‌ನಲ್ಲಿ ಸಿಬಿಎಸ್, ಪ್ಯಾರಾಮೌಂಟ್ ಕಂಪನಿಗಳು ಕೋರ್ಟಿಗೆ ಹೋದವು. 2017ರ ಜನವರಿಯಲ್ಲಿ ರಾಜಿಯಾಯಿತು. ನಡುವೆ 2016ರಲ್ಲಿ ಕಂಪನಿಗಳು ನಿಯಮ ಹೊರಡಿಸಿದವು: ಒಂದು ಕಥೆ 15 ನಿಮಿಷ, ಎರಡು ಭಾಗ ಸೇರಿದರೂ 30 ನಿಮಿಷ ಮೀರಬಾರದು, ಚಂದಾ 50,000 ಡಾಲರ್ ದಾಟಬಾರದು, ಸ್ಟಾರ್ ಟ್ರೆಕ್‌ನಲ್ಲಿ ದುಡಿದವರನ್ನು ಸೇರಿಸಿಕೊಳ್ಳಬಾರದು. ಭಾರತದಲ್ಲಿ 1957ರ ಕಾಪಿರೈಟ್ ಕಾಯ್ದೆಯ 52ನೆಯ ಕಲಮು ಖಾಸಗಿ ಬಳಕೆ, ವಿಮರ್ಶೆಯಂಥ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ, ಅಭಿಮಾನಿ ಕಥೆಯ ಹೆಸರನ್ನು ಎತ್ತುವುದಿಲ್ಲ.

ಅಷ್ಟರಲ್ಲಿ ಡಾಕ್ಟರ್ ಹೂನಲ್ಲಿ ಅಭಿಮಾನಿಗಳೇ ಯಜಮಾನರ ಕುರ್ಚಿಗೆ ಬಂದಿದ್ದರು. ಡೇವಿಸ್, ಮೊಫಾಟ್ ಇಬ್ಬರೂ ಬಾಲ್ಯದಿಂದ ಧಾರಾವಾಹಿಯ ಭಕ್ತರು. ಹನ್ನೆರಡನೆಯ ಡಾಕ್ಟರ್ ಪೀಟರ್ ಕಪಾಲ್ಡಿ ಹದಿನೈದರ ಹುಡುಗನಾಗಿದ್ದಾಗ ಹತ್ತನೆಯ ವಾರ್ಷಿಕೋತ್ಸವದ ವಿಶೇಷಾಂಕವನ್ನು ಮೆಚ್ಚಿ ‘ರೇಡಿಯೊ ಟೈಮ್ಸ್’ಗೆ ಬರೆದ ಪತ್ರ 1974ರಲ್ಲಿ ಅಚ್ಚಾಗಿತ್ತು. 2022ರ ಅಕ್ಟೋಬರ್ 23ರಂದು, ಬಿಬಿಸಿಯ ನೂರನೆಯ ವರ್ಷಕ್ಕೆಂದು ಬಂದ ‘ದ ಪವರ್ ಆಫ್ ದ ಡಾಕ್ಟರ್’ನಲ್ಲಿ 2013ರಲ್ಲಿ ಹೊರಗುಳಿದ ಡೇವಿಸನ್, ಕಾಲಿನ್ ಬೇಕರ್, ಮೆಕಾಯ್, ಜೊತೆಗೆ ಮೆಗಾನ್ ಎಲ್ಲರೂ ಬಂದರು, ಬಿಳಿ ಕೂದಲು, ಸುಕ್ಕುಗಳ ಸಮೇತ. ಎಕಲ್‌ಸ್ಟನ್ ಕೂಡ 2021ರಲ್ಲಿ ಬಿಗ್ ಫಿನಿಶ್‌ನ ಧ್ವನಿ ನಾಟಕ ‘ರ‍್ಯಾವೇಜರ್ಸ್’ನೊಂದಿಗೆ ಪಾತ್ರಕ್ಕೆ ಮರಳಿದ್ದರು. ಅರವತ್ತನೆಯ ವಾರ್ಷಿಕೋತ್ಸವದ ಮೂರು ಚಿತ್ರಗಳಲ್ಲಿ ಮೊದಲನೆಯ ‘ದ ಸ್ಟಾರ್ ಬೀಸ್ಟ್’, 1980ರ ಕಾಮಿಕ್ಸ್ ಪುಟಗಳಿಂದ ಎತ್ತಿದ್ದು. 1963–64ರ ಏಳು ಕಂತಿನ ಡಾಲೆಕ್ ಕಥೆಯನ್ನು 75 ನಿಮಿಷಕ್ಕೆ ಕತ್ತರಿಸಿ, ಬಣ್ಣ ಹಾಕಿ 2023ರ ನವೆಂಬರ್ 23ರಂದು ತೋರಿಸಿದರು. ಅಭಿಮಾನಿಯೊಬ್ಬ ಮನೆಯಲ್ಲಿ ಮಾಡಿದ್ದರೆ ಅದನ್ನು ಮೂಲಕ್ಕೆ ಅಪಚಾರ ಎನ್ನುತ್ತಿದ್ದರು.

ಅದೇ ದಿನ ಬಿಬಿಸಿ ಇನ್ನೊಂದನ್ನೂ ತಿದ್ದಿ ಪ್ರಸಾರ ಮಾಡಿತು. ಧಾರಾವಾಹಿ ಹುಟ್ಟಿದ ಕಥೆಯನ್ನು ಹೇಳುವ 2013ರ ‘ಆ್ಯನ್ ಅಡ್ವೆಂಚರ್ ಇನ್ ಸ್ಪೇಸ್ ಆ್ಯಂಡ್ ಟೈಮ್’ ಚಿತ್ರದಲ್ಲಿ ಹಾರ್ಟ್‌ನೆಲ್ ಪಾತ್ರದ ಡೇವಿಡ್ ಬ್ರ್ಯಾಡ್ಲಿ ಕೊನೆಯ ಸಲ ಟಾರ್ಡಿಸ್ಸಿನ ಮುಂದೆ ನಿಂತಾಗ, ಎದುರಿಗೆ ಆಗಿನ ಡಾಕ್ಟರ್ ಮ್ಯಾಟ್ ಸ್ಮಿತ್ ಒಂದು ಗಳಿಗೆ ಕಾಣಿಸುತ್ತಾರೆ. 2023ರ ಮುದ್ರಿಕೆಯಲ್ಲಿ ಸ್ಮಿತ್ ಅವರನ್ನು ತೆಗೆದು ಆಗಿನ ಹೊಸ ಡಾಕ್ಟರ್ ಶೂಟಿ ಗಾಟ್ವಾ ಅವರನ್ನು ಅದೇ ಜಾಗದಲ್ಲಿ ನಿಲ್ಲಿಸಲಾಗಿದೆ. ಸ್ಮಿತ್ ಇರುವ ಮುದ್ರಿಕೆ ಹಳೆಯ ಡಿವಿಡಿಗಳಲ್ಲಿ ಹಾಗೇ ಇದೆ, ಎರಡರಲ್ಲಿ ಯಾವುದು ಸರಿ ಎಂಬ ವಾದ ಅಭಿಮಾನಿಗಳಲ್ಲಿ ನಡೆದೇ ಇದೆ.